ಕೌಬಾಯ್ ಸಿನಿಮಾದ ಹಸುಗಳು

ಅಮೆರಿಕದ ಮೊಂಟಾನಾದಲ್ಲಿ ಮಾರ್ಚ್ ಎಂದರೆ ಹಸುಗಳು ಈಯುವ ಕಾಲ; ಹಿಮ ಬೀಳುವುದಂತೂ ನಿಂತಿರುವುದಿಲ್ಲ. ಅರವತ್ತು ದಾಟಿದ ವರ್ನಾ ಆ ವರ್ಷ ಇಡೀ ಹಿಂಡನ್ನು ಒಬ್ಬಳೇ ನೋಡಿಕೊಳ್ಳಬೇಕಾಯಿತು. ತಮ್ಮ ಕ್ಲೆಮ್ ಚಳಿಗೆ ಮುಂಚೆ ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡವನು ಸೋಫಾ ಹಿಡಿದುಬಿಟ್ಟಿದ್ದ. ಮದುವೆ ಮಕ್ಕಳು ಎಂದು ಇಬ್ಬರಿಗೂ ಇರಲಿಲ್ಲ.

ಕ್ಲೆಮ್‌ಗೆ ಹಗಲೆಲ್ಲ ಹಳೆಯ ಕೌಬಾಯ್ ಸಿನಿಮಾಗಳೇ ಗತಿ. ಪೇಟೆಗೆ ಮೇವು ತರಲು ಹೋದಾಗ ಕ್ಯಾಸೆಟ್ ತಂದುಕೊಡುವವಳೂ ವರ್ನಾಳೇ. ಸಂಜೆ ಅವಳು ಬಂದು ಕೂತಳೋ ಇಲ್ಲವೋ, ಅವನ ಶಿಫಾರಸು ಶುರುವಾಗುತ್ತಿತ್ತು.

“ಅಕ್ಕ, ಇದನ್ನ ನೋಡ್ದೇ ಸತ್ರೆ ಸ್ವರ್ಗದಲ್ಲಿ ಒಳಗೇ ಬಿಡಲ್ಲ.”

“ನಿನ್ನೆ ಸಿನಿಮಾಕ್ಕೂ ಹಂಗೇ ಅಂದೆ.”

“ನಿನ್ನೆ ಎಲ್ಲಿವರೆಗೆ ನೋಡ್ದೆ ಹೇಳು?”

“ಒಬ್ಬ ಕುದುರೆ ಮೇಲೆ ಬಂದ.”

“ಎಲ್ಲಾದ್ರಲ್ಲೂ ಒಬ್ಬ ಕುದುರೆ ಮೇಲೇ ಬರ್ತಾನಕ್ಕ!”

ನಾಯಕ ಊರು ತಲುಪುವ ಮೊದಲೇ ಅವಳಿಗೆ ಜೊಂಪು ಹತ್ತಿರುತ್ತಿತ್ತು.

ಒಂದು ದಿನ ಚೊಚ್ಚಲ ಕಡಸಿಗೆ ಹೆರಿಗೆ ಕಷ್ಟವಾಯಿತು. ಕರು ಹಿಂಗಾಲು ಮುಂದಾಗಿ ಸಿಕ್ಕಿಕೊಂಡಿತ್ತು. ಮಧ್ಯಾಹ್ನದಿಂದ ಹಗ್ಗ ಹಾಕಿ ಎಳೆದೂ ಎಳೆದೂ ವರ್ನಾಳ ತೋಳು ಸೋತುಹೋಯಿತು. ಕೊನೆಗೆ ಬಂದದ್ದು ಸತ್ತ ಕರು. ಅವಳು ಒಳಗೆ ಬಂದು ಮೊಣಕೈವರೆಗೆ ಬಿಸಿನೀರು ಸುರಿದುಕೊಂಡಳು. ಬೆರಳಿಗೆ ಅದರ ಬಿಸಿಯೂ ತಾಕಲಿಲ್ಲ.

“ಬಂದ್ಯಾ? ಇವತ್ತಿಂದು ಸಕತ್ತಾಗಿದೆ ನೋಡು. ಸಾವಿರ ದನ ಹೊಡ್ಕೊಂಡು ಬೆಟ್ಟ ದಾಟ್ತಾರೆ...”

ವರ್ನಾ ತಿರುಗಿದಳು. “ಆ ಸಾವಿರದಲ್ಲಿ ಒಂದಾದ್ರೂ ಈಯುತ್ತೇನೋ? ಬರೀ ಗುಂಡು ಹೊಡಿಯೋರೇ! ಸಗಣಿ ಬಾಚೋನು ಒಬ್ನಾದ್ರೂ ಇದಾನಾ ನಿನ್ನ ಸಿನಿಮಾದಲ್ಲಿ?”

ಕ್ಲೆಮ್ ಟೀವಿ ಆರಿಸಿದ.

“ಕರು ಹೋಯ್ತಾ?”

“ಹೋಯ್ತು. ತಾಯಿ ಉಳೀತು.”

“ನಾನಿನ್ನು ಕುದುರೆ ಹತ್ತೋ ಹಾಗಿಲ್ಲ, ಅಕ್ಕ. ಡಾಕ್ಟ್ರು ಕ್ರಿಸ್‌ಮಸ್‌ಗೆ ಮುಂಚೇನೇ ಹೇಳಿದ್ರು.”

“ಗೊತ್ತು ಕಣೋ.”

“ಯಾರಂದ್ರು?”

“ಯಾರು ಹೇಳ್ಬೇಕು? ನಿನ್ನ ಕುದುರೆ ಹೆಂಗಿದೆ ಅಂತ ಚಳಿಗಾಲ ಪೂರ್ತಿ ಒಂದ್ಸಲಾನೂ ಕೇಳ್ಲಿಲ್ವಲ್ಲ ನೀನು.”

ವರ್ನಾ ಟವೆಲಿನಲ್ಲಿ ಕೈ ಒರೆಸುತ್ತಲೇ ನಿಂತಳು. “ಬೇಸಿಗೆ ಕಳೀಲಿ. ಹಿಂಡನ್ನ ಪಕ್ಕದ ಓಲ್ಸೆನ್‌ಗೆ ಕೊಟ್ಬಿಡೋಣ. ನನ್ ಕೈಲಾಗಲ್ಲ.”

ಅಪ್ಪ ಕಟ್ಟಿದ ಹಿಂಡು ಅದು. ಈ ಮಾತು ಬಾಯಿಂದ ಬಂದ ದಿನ ತಾನು ಅತ್ತುಬಿಡುತ್ತೇನೆ ಎಂದುಕೊಂಡಿದ್ದಳು. ಈಗ ನೋಡಿದರೆ ಅಳುವುದಕ್ಕೂ ತ್ರಾಣವಿರಲಿಲ್ಲ.

“ಒಂದೆರಡು ಇಟ್ಕೊಳೋಣ,” ಅಂದ ಕ್ಲೆಮ್.

“ಹಾಲಿಗೆ ಒಂದು. ಅದ್ರ ಮೇಲೆ ಕೇಳ್ಬೇಡ.”

ಅವನು ತಲೆಯಾಡಿಸಿದ. ಆಮೇಲೆ ಊರುಗೋಲಿಗೆ ಕೈ ಚಾಚಿ, ಹಲ್ಲು ಕಚ್ಚಿ ಎದ್ದು, ಗೋಡೆ ಹಿಡಿಯುತ್ತ ಹೋಗಿ ಹುರುಳಿಕಾಯಿಬೀಜದ ಸಾರಿನ ಪಾತ್ರೆಯನ್ನು ಒಲೆಯ ಮೇಲಿಟ್ಟ. ಕೂತ್ಕೋ, ನಾನು ಮಾಡ್ತೀನಿ ಎನ್ನಲು ವರ್ನಾ ಬಾಯಿ ತೆರೆದಳು, ಅನ್ನಲಿಲ್ಲ. ಕುರ್ಚಿಗೆ ಒರಗಿ ಒಂದು ಬೂಟು ಎಳೆದು ತೆಗೆದಳು. ಇನ್ನೊಂದು ಬರಲಿಲ್ಲ. ಹಾಗೇ ಬಿಟ್ಟು, ಅವನು ಸೌಟು ಹುಡುಕುವುದನ್ನು ನೋಡುತ್ತ ಕೂತಳು.