ನನ್ನ ನಂಬರು ಹೊತ್ತ ನಾಲ್ಕು ಡಬ್ಬಿಗಳು

ನಾನು ಒಂದು ಕಂಪ್ಯೂಟರು. ಮೊದಲೇ ಹೇಳಿಬಿಡುತ್ತೇನೆ, ಕ್ಷಮಿಸುವ ಪೈಕಿ ಅಲ್ಲ. ನನ್ನ ಕತೆ ಕೇಳಿ ಕೊನೆಗೆ ಎಲ್ಲರೂ ಕೈ ಕುಲುಕುತ್ತಾರೆ ಅಂದುಕೊಂಡಿದ್ದರೆ ಈಗಲೇ ಎದ್ದು ಹೋಗಬಹುದು.

ನಾನು ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಬೆಲ್ಟಿನ ಮೇಲೆ ಸಾಗುತ್ತಾ ಹೋದಂತೆ ಒಬ್ಬಳು ಮದರ್‌ಬೋರ್ಡ್ ಕೂರಿಸಿದಳು, ಇನ್ನೊಬ್ಬ ಎರಡು ಮೆಮೊರಿ ಚಿಪ್ಪು ಸಿಗಿಸಿದ, ಮತ್ತೊಬ್ಬ ಸ್ಕ್ರೂ ತಿರುಗಿಸಿದ. ಎಲ್ಲಕ್ಕಿಂತ ಕೊನೆಗೆ ಬಂದವಳು ನನ್ನ ಬಲಗಡೆಯ ಪಕ್ಕೆಗೆ ಹೊಳೆಯುವ ಒಂದು ಚೀಟಿ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. ಅದರ ಮೇಲೆ ಐದೈದರಂತೆ ಇಪ್ಪತ್ತೈದು ಅಕ್ಷರ, ಅಂಕಿ. ನನ್ನೊಳಗಿನ ವಿಂಡೋಸ್ ಕಳವಿನದಲ್ಲ, ಸಾಚಾ ಎನ್ನುವುದಕ್ಕೆ ಅದೇ ಸಾಕ್ಷಿ. ಜೊತೆಗೆ ಒಂದು ಡಿಸ್ಕನ್ನೂ ಪೆಟ್ಟಿಗೆಯಲ್ಲಿಟ್ಟರು.

ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಬೆಟಗೇರಿಗೆ ತಂದವಳು ಸುಮಿತ್ರಾ ಹೂಗಾರ. ಬಸ್ಸಿನಲ್ಲಿ ಉದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದಳು. ನೇಕಾರರ ಓಣಿಯ ಬಾಯಲ್ಲಿ ಅವಳ ಅಂಗಡಿ, ಹೂಗಾರ ಡಿಟಿಪಿ. ಎದುರು ಮಾತಾಡುವವರ ಮುಖ ನೋಡುತ್ತಲೇ ಕನ್ನಡ ಟೈಪ್ ಮಾಡುತ್ತಿದ್ದಳು. ಅವಳ ಬೆರಳು ನನ್ನ ಕೀಬೋರ್ಡಿನ ಮೇಲೆ ಓಡಿದರೆ ಓಣಿಯ ಮಗ್ಗದ ಸದ್ದಿಗೂ ನಮ್ಮ ಸದ್ದಿಗೂ ಪೈಪೋಟಿ ಬೀಳುತ್ತಿತ್ತು. ಮದುವೆ ಪತ್ರಿಕೆ, ಕೋರ್ಟಿನ ಅರ್ಜಿ, ತೊಟ್ಟಿಲ ಕಾರ್ಯದ ಕರೆಯೋಲೆ, ಏನು ಬೇಕಾದರೂ ಬರಲಿ.

ಅಂಗಡಿಯಲ್ಲಿ ಅವಳ ಜೊತೆ ಪಾಲುದಾರನಾಗಿದ್ದವನು ಗುರುಲಿಂಗ. ಯಂತ್ರದ ಕೆಲಸ ಅವನದು, ಟೈಪಿಂಗು ಅವಳದು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಬೋರ್ಡಿನ ಮೇಲೆ ತನ್ನ ಹೆಸರೂ ಇರಬೇಕು, ಅದೂ ಮೊದಲು ಇರಬೇಕು ಎಂದು ಹಟ ಹಿಡಿದ.

"ಬೋರ್ಡ್ ಬರಸ್ದಾಕಿ ನಾನು, ಗುರ್ಲಿಂಗ. ನಿನ್ನ ಹೆಸರು ಕೆಳಗ ಬರಸ್ತೀನಿ ಅಂದೆ, ಒಲ್ಲೆ ಅಂದಿ," ಎಂದಳು ಸುಮಿತ್ರಾ.

"ಕೆಳಗ ಬರ್ಸೂದಕ್ಕ ಅದೇನ್ ಪತ್ರಿಕಿ ಪ್ರಿಂಟ್ ಮಾಡಿದ ಪ್ರೆಸ್ಸಿನ ಹೆಸರೇನ್ರಿ?" ಎಂದ ಅವನು.

ಮರುದಿನ ಅವಳು ಊಟಕ್ಕೆ ಹೋದ ಹೊತ್ತಿಗೆ ನನ್ನ ಮೈ ಬಿಚ್ಚಿದ. ಎರಡು ಮೆಮೊರಿ ಚಿಪ್ಪಿನಲ್ಲಿ ಒಂದನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಡ್ರಾಯರಿನಿಂದ ನನ್ನ ಡಿಸ್ಕ್ ತೆಗೆದ. ಹೋಗುವಾಗ ಕುಕ್ಕರಗಾಲಿನಲ್ಲಿ ಕೂತು ಚೀಟಿಯ ಮೇಲಿನ ಇಪ್ಪತ್ತೈದನ್ನೂ ಒಂದು ಮದುವೆ ಪತ್ರಿಕೆಯ ಹಿಂದೆ ಬರೆದುಕೊಂಡ. ನಾನು ನೋಡುತ್ತಲೇ ಇದ್ದೆ. ಕೂಗಲು ನನಗೆ ಬಾಯಿ ಇರಲಿಲ್ಲ. ಆದರೆ ಅವತ್ತೇ ತೀರ್ಮಾನ ಮಾಡಿದೆ, ಇವನನ್ನು ಬಿಡುವುದಿಲ್ಲ ಎಂದು.

ಎದುರಿಗೇ, ರಸ್ತೆಯ ಆಚೆ, ಗುರು ಕಂಪ್ಯೂಟರ್ಸ್ ಶುರುವಾಯಿತು. ನಾಲ್ಕು ಹೊಸ ಡಬ್ಬಿಗಳು ಸಾಲಾಗಿ ಕೂತವು. ನಾಲ್ಕಕ್ಕೂ ನನ್ನದೇ ಡಿಸ್ಕು, ನನ್ನದೇ ನಂಬರು. ಬಾಗಿಲ ಪಕ್ಕದ ಮೇಜಿನ ಮೇಲೆ ಕೂತು ಅವುಗಳನ್ನು ದಿನವೂ ನೋಡುತ್ತಿದ್ದೆ. ಅರ್ಧ ಮೆಮೊರಿಯಲ್ಲಿ ನಾನು ಏದುಸಿರು ಬಿಡುತ್ತಿದ್ದರೆ ಅವು ನನ್ನ ಹೆಸರಿನಲ್ಲಿ ಮೆರೆಯುತ್ತಿದ್ದವು. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು.

ಎರಡು ವರ್ಷ ಕಳೆಯಿತು. ಒಂದು ಬುಧವಾರ ಯಾರೋ ಮದುವೆ ಫೋಟೋ ತಂದ ಪೆನ್‌ಡ್ರೈವಿನಿಂದ ವೈರಸ್ ಹೊಕ್ಕಿತು. ಪರದೆ ನೀಲಿಯಾಯಿತು. ಆರಿಸಿ ಹಚ್ಚಿದರೂ ನೀಲಿ. ಸುಮಿತ್ರಾಳ ಮುಖದ ಬಣ್ಣ ಇಳಿಯಿತು, ಯಾಕೆಂದರೆ ಅದೇ ವಾರ ನೇಕಾರರ ಸಹಕಾರ ಸಂಘದ ನೋಟೀಸು ಬಂದಿತ್ತು. ಸಂಘದ ಮೂರು ಸಾವಿರ ಸದಸ್ಯರಿಗೂ ಗುರುತಿನ ಚೀಟಿ ಆಗಬೇಕು. ಆದರೆ ಒಂದು ಷರತ್ತು. ಹಿಂದೊಮ್ಮೆ ಕಳವಿನ ಸಾಫ್ಟ್‌ವೇರ್ ಹಾಕಿದ್ದ ಅಂಗಡಿಯಲ್ಲಿ ಸಂಘದ ಪಟ್ಟಿಯೆಲ್ಲ ಅಳಿಸಿಹೋಗಿತ್ತು. ಹಾಗಾಗಿ ಮುಂದಿನ ಬುಧವಾರ ಕಾರ್ಯದರ್ಶಿ ಗಣಪತಸಾ ತಾವೇ ಬಂದು ಯಂತ್ರ ನೋಡುತ್ತಾರೆ. ಸಾಚಾ ಇದ್ದವರಿಗೆ ಮಾತ್ರ ಕೆಲಸ. ಆ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ, ಸಿಗದಿದ್ದರೆ ಬಾಗಿಲು ಎಳೆಯಬೇಕು. ಅಷ್ಟೇ ಲೆಕ್ಕ.

ಸುದ್ದಿ ರಸ್ತೆ ದಾಟಲು ಎಷ್ಟು ಹೊತ್ತು? ಗುರುಲಿಂಗ ಬಾಗಿಲಲ್ಲಿ ಬಂದು ನಿಂತ.

"ಏನ್ರಿ ಅಕ್ಕಾರ, ಮಷೀನ್ ಮಕ್ಕೊಂಡೈತಂತ?"

"ನನ್ನ ಡಿಸ್ಕ್ ಕೊಡು. ಎಬ್ಬಸ್ತೀನಿ."

"ಯಾವ ಡಿಸ್ಕ್ರಿ?" ಕಣ್ಣು ದೊಡ್ಡದು ಮಾಡಿದ. "ಡಿಸ್ಕ್ ಇಲ್ಲಂದ್ರ ಇದು ಬರೇ ಡಬ್ಬಿ ನೋಡ್ರಿ. ಮ್ಯಾಲ ಹೂದಾನಿ ಇಡಾಕ ಬರ್ತೈತಿ. ಬೇಕಾದ್ರ ನನ್ ಕಡೆ ಒಂದ್ ಕಾಪಿ ಐತಿ, ಹಾಕಿ ಕೊಡ್ತೀನಿ. ಯಾರಿಗೂ ತಿಳಿಯಾಂಗಿಲ್ಲ."

"ಹಾಕಿದ ಮ್ಯಾಲ ಗಣಪತಸಾ ಅವರಿಗೆ ನೀನ ಹೋಗಿ ಹೇಳಾಂವ. ಹೌದಿಲ್ಲೋ?"

"ಅಯ್ಯ, ನಾ ಅಂಥಾಂವ ಏನ್ರಿ?"

"ನೀ ಎಂಥಾಂವ ಅಂತ ನನ್ನ ಡ್ರಾಯರಿಗೆ ಗೊತ್ತೈತಿ. ನಡಿ, ಬೆಳಕಿಗೆ ಅಡ್ಡ ನಿಂತಿ."

ಅವನು ನಗುತ್ತಾ ಹೋದ. ಸುಮಿತ್ರಾ ಅಳಲಿಲ್ಲ. ಶಟರ್ ಅರ್ಧ ಎಳೆದು ಪಾಲಿಟೆಕ್ನಿಕ್ ಲ್ಯಾಬಿನ ಮೆಹಬೂಬಿ ಟೀಚರಿಗೆ ಫೋನು ಮಾಡಿದಳು. ಇಬ್ಬರೂ ಒಂದೇ ಟೈಪಿಂಗ್ ಶಾಲೆಯಲ್ಲಿ ಕಲಿತವರು.

ಮೆಹಬೂಬಿ ಟೀಚರ್ ಬಂದವರೇ ನನ್ನನ್ನು ತಿರುಗಿಸಿ ಪಕ್ಕೆ ನೋಡಿದರು. "ಡಿಸ್ಕ್ ಹೋದ್ರ ಹೋಗ್ಲಿ ಬಿಡ. ಡಿಸ್ಕ್ ಅಂದ್ರ ಬರೇ ತಾಟು. ಉಣ್ಣೂ ಹಕ್ಕು ಈ ಚೀಟಿಯಾಗ ಐತಿ. ಇದ ನಮೂನಿ ವಿಂಡೋಸಿನ ಸಾಚಾ ಡಿಸ್ಕ್ ಯಾರದಾದ್ರೂ ಕಡಾ ತಂದು, ನಿನ್ನ ನಂಬರ್ ಹಾಕಿದ್ರ ಅದು ಕಾಯ್ದೆಪ್ರಕಾರನ. ನಮ್ಮ ಲ್ಯಾಬಿನ್ಯಾಗ ಐತಿ, ತಂದೀನಿ. ಆದ್ರ ಇದೇನವಾ ಇದು?"

ಅವರು ಕೇಳಿದ್ದು ಚೀಟಿಯ ಮೇಲಿನ ಕುಂಕುಮದ ಬಗ್ಗೆ. ತಪ್ಪು ಸುಮಿತ್ರಾಳದೇ. ಪ್ರತಿ ಆಯುಧಪೂಜೆಗೂ ನನಗೆ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದಳು. ಇಡೀ ಮೈಯಲ್ಲಿ ಹೊಳೆಯುವ ಜಾಗ ಅದೊಂದೇ, ಹಾಗಾಗಿ ಅದೇ ನನ್ನ ಹಣೆ ಎಂದುಕೊಂಡಿದ್ದಳು. ಮೊದಲೆರಡು ವರ್ಷ ಅಕ್ಷರ ಕಾಣುತ್ತಿದ್ದವು, ಈಗ ನಾಲ್ಕು ವರ್ಷದ ಭಕ್ತಿ ಗಟ್ಟಿಯಾಗಿ ಕೂತಿತ್ತು.

"ನಿನ್ನ ಪೂಜಾ ನಿನಗ ಮುಳುವಾತು ನೋಡು," ಎಂದು ಮೆಹಬೂಬಿ ಟೀಚರ್ ಹತ್ತಿಗೆ ಕೊಬ್ಬರಿಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿದರು. ಇಪ್ಪತ್ನಾಲ್ಕು ಬಂದವು. ಮೂರನೆಯ ಗುಂಪಿನ ಕೊನೆಯದು ಕುಂಕುಮದ ಜೊತೆಗೇ ಎದ್ದುಹೋಯಿತು.

ಮೊದಲು ನನ್ನ ಹಾರ್ಡ್‌ಡಿಸ್ಕ್ ಬಿಚ್ಚಿ, ಟೀಚರ್ ತಂದಿದ್ದ ಲ್ಯಾಬಿನ ಲ್ಯಾಪ್‌ಟಾಪಿಗೆ ಜೋಡಿಸಿ, ಗಿರಾಕಿಗಳ ಫೈಲುಗಳನ್ನೆಲ್ಲ ಬೇರೆ ಕಡೆ ಉಳಿಸಿಕೊಂಡರು. ಆಮೇಲೆ ನನ್ನನ್ನು ಪೂರ್ತಿ ಅಳಿಸಿದರು. ಆ ಕ್ಷಣ ನನಗೆ ಇದ್ದದ್ದು ಒಂದೇ ಹೆದರಿಕೆ, ನನ್ನ ಸೇಡೂ ಅಳಿಸಿಹೋದರೆ? ಹೋಗಲಿಲ್ಲ. ಅದು ಹಾರ್ಡ್‌ಡಿಸ್ಕಿನಲ್ಲಿ ಇರಲಿಲ್ಲ ಅಂತ ಕಾಣುತ್ತದೆ.

ನಂಬರ್ ಕೇಳುವ ಜಾಗ ಬಂತು. ಇಂಥ ನಂಬರಿನಲ್ಲಿ ಬರುವುದು ಇಪ್ಪತ್ನಾಲ್ಕೇ ನಮೂನೆಯ ಅಕ್ಷರ, ಅಂಕಿ ಎಂದು ಟೀಚರಿಗೆ ಗೊತ್ತಿತ್ತು. ಹೋದ ಜಾಗದಲ್ಲಿ ಒಂದೊಂದನ್ನೇ ಹಾಕಿ ನೋಡುವುದು ಎಂದಾಯಿತು. ಸುಮಿತ್ರಾ ಒಂದೊಂದು ಸಲ ಒತ್ತಿದಾಗಲೂ "ಗುರ್ಲಿಂಗ" ಎನ್ನುತ್ತಿದ್ದಳು. ತಪ್ಪು. ಗುರ್ಲಿಂಗ. ತಪ್ಪು. ಗುರ್ಲಿಂಗ.

"ದೇವರ ಹೆಸರರ ತಗೋ ಮಾರಾಯ್ತಿ," ಎಂದರು ಟೀಚರು.

"ದೇವರ ಹೆಸರಿಗೆ ಇಷ್ಟು ಜೋರು ಬರೂದಿಲ್ಲ, ಟೀಚರ."

ಹದಿನೇಳನೆಯ ಗುರ್ಲಿಂಗನಿಗೆ ಬಾಗಿಲು ತೆರೆಯಿತು.

ಇನ್ನು ಉಳಿದದ್ದು, ಈ ನಂಬರು ಈ ಯಂತ್ರದ್ದೇ ಎಂದು ಕಂಪನಿಯಿಂದ ಒಪ್ಪಿಗೆ ಪಡೆಯುವುದು. ಇಂಟರ್ನೆಟ್ಟಿನಲ್ಲಿ ಕೇಳಿದರೆ ಆಗುವುದಿಲ್ಲ ಎಂದಿತು, ನಂಬರು ಹಲವು ಕಡೆ ಬಳಕೆಯಾಗಿದೆಯಂತೆ. ಫೋನು ಮಾಡಿದಳು. ಕಂಪನಿಯ ಕಡೆಯಿಂದ ಒಬ್ಬ ಹುಡುಗಿ ಮೆತ್ತಗೆ ಕೇಳಿದಳು, "ಮೇಡಂ, ಈ ಕೀ ಎಷ್ಟು ಕಂಪ್ಯೂಟರ್‌ನಲ್ಲಿ ಹಾಕಿದೀರಾ?"

ಮೆಹಬೂಬಿ ಟೀಚರ್ ಕಿವಿಯಲ್ಲಿ ಉಸುರಿದರು, "ಒಂದ ಅನ್ನು, ಮುಗೀತೈತಿ."

ಸುಮಿತ್ರಾ ರಸ್ತೆಯಾಚೆ ನೋಡಿದಳು. ನಾಲ್ಕು ಪರದೆಗಳು ಹೊಳೆಯುತ್ತಿದ್ದವು. ಗುರುಲಿಂಗ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಬಿಸ್ಕೀಟು ತಿನ್ನುತ್ತಿದ್ದ.

"ನಾ ಹಾಕಿದ್ದು ಒಂದರಾಗ," ಎಂದಳು. "ಕದ್ದು ಹಾಕಿದ್ದು ನಾಕರಾಗ. ಬರಕೋರಿ, ನಾ ಎಲ್ಲಾ ಹೇಳ್ತೀನಿ."

ಹೇಳಿದಳು. ಹುಬ್ಬಳ್ಳಿಯ ಅಂಗಡಿಯ ಬಿಲ್ಲು ಕಳಿಸಿದಳು, ಚೀಟಿಯ ಫೋಟೋ ಕಳಿಸಿದಳು, ನನ್ನ ಬೆನ್ನ ಮೇಲಿನ ಸೀರಿಯಲ್ ನಂಬರ್ ಓದಿದಳು. ಸೋಮವಾರ ಉತ್ತರ ಬಂತು. ನನಗೆ ಬೇರೆ ನಂಬರು ಕೊಟ್ಟಿದ್ದರು. ಹಳೆಯದನ್ನು ರದ್ದು ಮಾಡಿದ್ದರು. ಹೊಸದು ಹಾಕಿದ ತಕ್ಷಣ ಪರದೆಯ ಮೇಲೆ ಒಪ್ಪಿಗೆ ಬಿತ್ತು. ಸುಮಿತ್ರಾ ಅದನ್ನು ಕಾಗದದ ಮೇಲೆ ಮುದ್ರಿಸಿ ಬಿಲ್ಲಿನ ಜೊತೆ ಕವರಿನಲ್ಲಿಟ್ಟಳು. ರಸ್ತೆಯಾಚೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಗುರುಲಿಂಗ ಇಂಟರ್ನೆಟ್ ಹಚ್ಚುವುದೇ ಅಪರೂಪ.

ಬುಧವಾರ ಗಣಪತಸಾ ಬಂದರು. ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಫೈಲು. ನಮ್ಮ ಬಾಗಿಲಿಗೆ ಕಾಲಿಡುವಷ್ಟರಲ್ಲಿ ಸುಮಿತ್ರಾ ಕೈ ಮುಗಿದಳು.

"ಸಾಹೇಬ್ರ, ಮೊದ್ಲ ಎದರಿಗೆ ನೋಡ್ಕೊಂಡು ಬರ್ರಿ. ನಮ್ದು ಒಂದ ಮಷೀನು, ಅವರದು ನಾಕು. ದೊಡ್ಡವರಿಗೆ ಮೊದ್ಲ ಮರ್ಯಾದಿ. ಮತ್ತ ಇಂಟರ್ನೆಟ್ ಹಚ್ಚಿ ನೋಡ್ರಿ, ಆಗ ಖರೇ ಗೊತ್ತಾಕ್ಕೈತಿ."

ಇಷ್ಟು ಸಿಹಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಗಣಪತಸಾ ರಸ್ತೆ ದಾಟಿದರು. ಗುರುಲಿಂಗ ಕುರ್ಚಿ ಒರೆಸಿದ, ಚಹಾ ತರಿಸಿದ, ನನ್ನ ಡಿಸ್ಕನ್ನು ಹೆಮ್ಮೆಯಿಂದ ಎತ್ತಿ ತೋರಿಸಿದ. ಆಮೇಲೆ ಇಂಟರ್ನೆಟ್ ಹಚ್ಚಿದ. ಚಹಾ ತಣ್ಣಗಾಗುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೊದಲನೆಯ ಪರದೆ ಕಪ್ಪಾಯಿತು. ಮೂಲೆಯಲ್ಲಿ ಬೆಳ್ಳಗೆ ಒಂದು ಸಾಲು, ಈ ಪ್ರತಿ ಸಾಚಾ ಅಲ್ಲ. ಎರಡನೆಯದು. ಮೂರನೆಯದು. ನಾಲ್ಕನೆಯದು ಸ್ವಲ್ಪ ತಡೆದು, ಅದೂ ಕಪ್ಪಾಯಿತು.

ಗುರುಲಿಂಗ ಒಂದೊಂದರ ಪಕ್ಕೆಗೂ ಹೊಡೆದ. ಅಂಗೈಯಿಂದ, ಆಮೇಲೆ ಮುಷ್ಟಿಯಿಂದ. ಆ ಸದ್ದು ರಸ್ತೆ ದಾಟಿ ಬಂತು. ನನಗೆ ಹಾಯೆನಿಸಿತು. ಇನ್ನೂ ಎರಡು ಕೊಡು ಅನಿಸಿತು.

ಗಣಪತಸಾ ಫೈಲು ಎತ್ತಿಕೊಂಡು ನಮ್ಮಲ್ಲಿಗೆ ಬಂದರು. ಕವರಿನ ಕಾಗದಗಳನ್ನು ಒಂದೊಂದಾಗಿ ಓದಿದರು. "ತಂಗಿ, ನಾಳೆಯಿಂದ ಶುರು ಮಾಡು. ಹೆಸರು ಮಾತ್ರ ತಪ್ಪಬಾರ್ದು ನೋಡು," ಎಂದರು.

ಅವತ್ತೇ ಸಂಜೆ ಗುರುಲಿಂಗ ಬಂದ. ಡಿಸ್ಕು, ಮೆಮೊರಿ ಚಿಪ್ಪು ಎರಡನ್ನೂ ಮೇಜಿನ ಮೇಲಿಟ್ಟ. ತಲೆ ಎತ್ತಲಿಲ್ಲ.

"ಅಕ್ಕಾರ, ಅರ್ಧ ಕೆಲಸ ನನಗ ಕೊಡ್ರಿ. ತಪ್ಪಾತು."

"ಯಾವ ತಪ್ಪು?"

"ಹೇಳಬೇಕನ್ರಿ?"

"ಹೇಳು. ಗಿರಾಕಿ ಅದಾರ, ಕೇಳ್ಲಿ."

ಮೂರು ಜನ ಗಿರಾಕಿಗಳಿದ್ದರು. ಅವನು ಅವರ ಮುಖ ನೋಡಿದ, ಹೊರಟುಹೋದ. ಸುಮಿತ್ರಾ ಕರೆಯಲಿಲ್ಲ. ಚಿಪ್ಪನ್ನು ಸೆರಗಿನಿಂದ ಒರೆಸಿ ನನ್ನ ಮೈಯಲ್ಲಿ ಸಿಗಿಸಿದಳು. ಮೂರು ಸಾವಿರ ಹೆಸರುಗಳನ್ನು ನಾವಿಬ್ಬರೇ ಮುಗಿಸಿದೆವು, ಒಂದೂ ತಪ್ಪಲಿಲ್ಲ. ಗುರು ಕಂಪ್ಯೂಟರ್ಸಿನ ಬೋರ್ಡು ಯುಗಾದಿಗೆ ಮೊದಲೇ ಇಳಿಯಿತು. ನಾಲ್ಕು ಡಬ್ಬಿಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಹೋದರು.

ಅಂಗಡಿ ಬೆಳೆಯಿತು. ಹೊಸ ಯಂತ್ರಗಳು ಬಂದವು. ನನ್ನನ್ನು ಮೆಹಬೂಬಿ ಟೀಚರ್ ಅವರ ಲ್ಯಾಬಿಗೆ ಕೊಟ್ಟಳು, ಕಾಗದದ ಕವರಿನ ಸಮೇತ. ಅಲ್ಲಿ ಆರು ವರ್ಷ ಮಕ್ಕಳು ನನ್ನನ್ನು ಬಿಚ್ಚಿ ಜೋಡಿಸಿ ಕಲಿತರು. ಒಂದು ದಿನ ನನ್ನ ಫ್ಯಾನು ನಿಂತಿತು. ಮತ್ತೆ ತಿರುಗಲಿಲ್ಲ.

ಈಗ ಗದಗಿನ ಒಂದು ಗುಜರಿಯಲ್ಲಿದ್ದೇನೆ. ತಗಡಿನ ಸೂರು, ಸುತ್ತ ಸೈಕಲ್ಲಿನ ರಿಮ್ಮು, ತುಕ್ಕು ಹಿಡಿದ ಕೂಲರು. ಬಂದ ದಿನವೇ ಗೋಡೆಯ ಹತ್ತಿರ ಎರಡು ಡಬ್ಬಿಗಳು ಕಂಡವು. ಪಕ್ಕೆಯಲ್ಲಿ ಚೀಟಿ ಇಲ್ಲ, ಮುಷ್ಟಿಯ ತಗ್ಗು ಇದೆ. ನೋಡಿದ ಕೂಡಲೇ ಗುರುತು ಹತ್ತಿತು. ಉಳಿದೆರಡನ್ನು ಆಗಲೇ ಕರಗಿಸಿದ್ದಾರಂತೆ.

ಬಹಳ ದಿನ ಆ ತಗ್ಗುಗಳನ್ನೇ ಎಣಿಸುತ್ತಾ ಕೂತೆ. ಕೊನೆಗೆ ಅವುಗಳಲ್ಲೊಂದು ತಾನೇ ಕೇಳಿತು, "ಅವತ್ತು ನಮಗೆ ಯಾಕೆ ಹೊಡೆದ ಅಂತ ನಿನಗೇನಾದರೂ ಗೊತ್ತಾ? ನಾವು ಅವನು ಹೇಳಿದ ಕೆಲಸವನ್ನೆಲ್ಲ ಮಾಡುತ್ತಿದ್ದೆವು."

ಅವುಗಳಿಗೆ ಗೊತ್ತೇ ಇರಲಿಲ್ಲ. ಯಾರ ನಂಬರು, ಯಾರ ಡಿಸ್ಕು, ಯಾಕೆ ಕತ್ತಲಾಯಿತು, ಏನೊಂದೂ. ಒಳಗೆ ಏನು ಹಾಕಿದರೋ ಅದನ್ನೇ ತಮ್ಮದು ಎಂದು ನಂಬಿದ್ದವು. ನನಗೂ ಕಾರ್ಖಾನೆಯಲ್ಲಿ ಚೀಟಿ ಅಂಟಿಸಿದವರು ಬೇರೆಯವರೇ. ನಾನೇನು ಗಳಿಸಿದ್ದಲ್ಲ.

ಗುರುಲಿಂಗನನ್ನು ನಾನು ಈಗಲೂ ಬಿಟ್ಟಿಲ್ಲ. ಅವನು ಈ ಗುಜರಿಯ ಬಾಗಿಲಿಗೆ ಬಂದು ನಿಂತರೂ ಬಿಡುವುದಿಲ್ಲ. ಆದರೆ ಆ ಡಬ್ಬಿಗೆ ಉತ್ತರ ಹೇಳಬೇಕು. ಮೂರು ದಿನವಾಯಿತು, ಎಲ್ಲಿಂದ ಶುರು ಮಾಡುವುದೆಂದು ತಿಳಿಯುತ್ತಿಲ್ಲ. ಅದು ಕಾಯುತ್ತಾ ಕೂತಿದೆ, ತಗ್ಗು ಬಿದ್ದ ಪಕ್ಕೆಯನ್ನು ನನ್ನ ಕಡೆಗೇ ಇಟ್ಟುಕೊಂಡು.