ಬುಡು ಅಂದದ್ದು

ಕಬ್ಬಿನ ಗಾಣ ರೇವಮ್ಮನ ಎರಡು ಬೆರಳು ನುಂಗಿದ ಮಾರನೆಯ ದಿನವೇ ಆಲೆಮನೆಯ ಗೌಡರು ಅದರ ಮುಂದೆ ಬಂಡೂರಿನ ಟಗರು ಕಡಿಸಿದರು. ಕಬ್ಬಿಣಕ್ಕೆ ಶಾಂತಿಯಾಯಿತು. ಬೆರಳು ಹೋದವಳಿಗೆ ಯಾವ ಶಾಂತಿ? "ತೂಕಡಿಸಿದಳು" ಎಂದು ಗೌಡರು ಕೆರಗೋಡಿನ ತುಂಬ ಹೇಳಿದರು, ಊರು ನಂಬಿತು. ಕೊನೆಗೆ ಅವಳೂ ನಂಬಿದಳು.

ಗಾಣಕ್ಕೆ ಕಬ್ಬು ಕೊಡುವ ಜಾಗದಲ್ಲಿ ಹನ್ನೊಂದು ವರ್ಷ ಕೂತವಳು, ಮೂರು ತಿಂಗಳ ಮೇಲೆ ಆಲೆಮನೆಗೆ ಬಂದು ದೂರದಲ್ಲಿ ಸಿಪ್ಪೆ ಒಣಗಹಾಕುತ್ತಿದ್ದಳು. ಗಾಣ ಕಿರ್ರೆಂದರೆ ಕೈ ತಾನಾಗಿ ಸೆರಗಿನೊಳಕ್ಕೆ ಹೋಗುತ್ತಿತ್ತು. ಯುದ್ಧ ಬಂದು ಬೆಲ್ಲಕ್ಕೆ ಬೇಡಿಕೆ ಏರಿತ್ತು. ಗೌಡರು ಕಾಯಲಿಲ್ಲ: "ಸೋಮವಾರ ಗಾಣದ ಮುಂದೆ ಕೂತ್ಕೋ. ಆಗಲ್ಲ ಅಂದ್ರೆ ನನ್ನ ಗದ್ದೆ ಕೆಲಸಕ್ಕೂ ಬರಬ್ಯಾಡ."

ಸೋಮವಾರ ಬೆಳಿಗ್ಗೆ ಜೊತೆಯಾಳು ಚಿಕ್ಕನಂಜಮ್ಮ ಅವಳ ರಟ್ಟೆ ಹಿಡಿದು ತಂದು, ಗಾಣದ ಎತ್ತು ಹೊಡೆಯುವ ಪುಟ್ಟಮಾದಯ್ಯನ ಮುಂದೆ ನಿಲ್ಲಿಸಿದಳು. ಬೆರಳು ಹೋದ ದಿನದಿಂದ ಅವನು ರೇವಮ್ಮನ ಮುಖ ನೋಡಿರಲಿಲ್ಲ.

"ನೆಲದಲ್ಲಿ ಏನ್ ನೋಡ್ತೀಯ? ಬಾಯಿ ಬುಡ್ಲಾ, ಅವತ್ತು ಏನಾಯ್ತು ಏಳು" ಎಂದು ಚಿಕ್ಕನಂಜಮ್ಮ ಅವನನ್ನು ಗದರಿದಳು.

"ಏನಂತ ಏಳ್ಲಿ ಕಣಕ್ಕ? 'ಬುಡು ಬುಡು' ಅಂತ ಕೂಗಿದ್ಲು. ಕಬ್ಬು ಕೊಟ್ಟಾಗೆಲ್ಲ ಎತ್ತು ಓಡ್ಸು ಅನ್ನಕ್ಕೆ 'ಬುಡು' ಅಂತಾನೇ ಅಂತಿದ್ದದ್ದು. ಇನ್ನೂ ಜೋರಾಗಿ ಓಡ್ಸು ಅಂತವ್ಳೆ ಅಂದ್ಕಂಡು ಬಾರುಕೋಲು ಬೀಸ್ದೆ."

ರೇವಮ್ಮ ನಿಧಾನವಾಗಿ ಅಂದಳು: "ನಾನು ಗಾಣಕ್ಕೆ ಅಂದೆ ಕಣ್ಲಾ. ಕೈ ಬುಡು ಅಂತ." ಆಮೇಲೆ, "ಅಂಗಾದ್ರೆ ನಾನು ತೂಕಡಿಸಿರ್ನಿಲ್ಲ."

"ಅಂಗೆ ಕೂಗೋಳು ತೂಕಡಿಸ್ತಾಳಾ? ಗೌಡ್ರಿಗೂ ಏಳ್ದೆ. ಬಾಯ್ಮುಚ್ಕಂಡಿರು ಅಂದ್ರು."

ಚಿಕ್ಕನಂಜಮ್ಮ ಉಗಿದಳು. "ಇನ್ಮೇಲೆ ನಿಲ್ಸು ಅನ್ನಕ್ಕೆ ಬ್ಯಾರೆ ಮಾತು ಇರ್ಲಿ. 'ಗೌಡಾ' ಅಂತ ಕೂಗು, ಎತ್ತೂ ಎದ್ರಿ ನಿಂತ್ಕತವೆ!"

ರೇವಮ್ಮ ನಗಲಿಲ್ಲ. "'ಕೈ' ಅಂತೀನಿ. ಅಷ್ಟೇ."

ಮೊದಲು ಬರಿಗಾಣ ತಿರುಗಿಸಿದರು. "ಕೈ" ಅಂದಳು, ಪುಟ್ಟಮಾದಯ್ಯ ಹಗ್ಗ ಜಗ್ಗಿದ, ಎತ್ತು ನಿಂತವು. ಏಳು ಸಲ, ಎಂಟು ಸಲ. ಆಮೇಲೆ ಕಬ್ಬು ತಗೊಂಡಳು.

ಗೌಡರು ದಾಪುಗಾಲಲ್ಲಿ ಬಂದರು. "ಇದೇನು ಮಕ್ಕಳಾಟ? ಕೊಪ್ಪರಿಗೆ ಕಾಯ್ತಾ ಐತೆ, ಕಬ್ಬಿನ ಹಾಲಿಲ್ಲ! ನಾನು ಹೇಳದೆ ಎತ್ತು ನಿಲ್ಲಕೂಡದು."

ರೇವಮ್ಮ ಕಬ್ಬನ್ನು ತೊಡೆಯ ಮೇಲಿಟ್ಟುಕೊಂಡಳು. "ಅಂಗಾದ್ರೆ ನೀವೇ ಕೂತ್ಕಳಿ ಬುದ್ದಿ."

ಗೌಡರು ಪುಟ್ಟಮಾದಯ್ಯನತ್ತ ನೋಡಿದರು. ಅವನು ಬಾರುಕೋಲು ನೆಲಕ್ಕೆ ಹಾಕಿದ. ಅವರ ಕಣ್ಣು ಒಂದು ಸಲ ಗಾಣದ ಬಾಯಿಗೆ ಹೋಗಿ ಬಂತು. "ಬೇಗ ಆಗಲಿ" ಎಂದು ಗೊಣಗಿ ಕೊಪ್ಪರಿಗೆಯ ಕಡೆ ಹೋದರು.

ಅವಳು ಕಬ್ಬು ಕೊಟ್ಟಳು. ಇನ್ನೊಂದು. ಮೈಯೆಲ್ಲ ಬೆವರು. ನಾಲ್ಕನೆಯದಕ್ಕೆ "ಕೈ" ಅಂದಳು.

ಕೈಗೆ ಏನೂ ಆಗಿರಲಿಲ್ಲ. ಆದರೂ ಎತ್ತು ನಿಂತವು. ಯಾಕೆ ಅಂತ ಪುಟ್ಟಮಾದಯ್ಯ ಕೇಳಲಿಲ್ಲ. ಅವಳಿಗೆ ಬೇಕಾದಷ್ಟು ಹೊತ್ತು ಹಗ್ಗ ಹಿಡಿದೇ ನಿಂತ.