ಹಸಿರು ದೀಪದ ಕೆಳಗಿನ ಮಾತು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸುತ್ತಿಬಳಸಿದ ಅನ್ನಬೇಡಿ.

೧೯೭೯. ದಾವಣಗೆರೆಯ ನೂಲಿನ ಮಿಲ್ಲಿನಲ್ಲಿ ನಾನು ಎಲೆಕ್ಟ್ರಿಷಿಯನ್. ಹರಿಹರದಿಂದ ದಿನಾ ರೈಲಿಗೆ ಬರುತ್ತಿದ್ದ ಗೋಣೆಪ್ಪಣ್ಣ ಫಿಟ್ಟರ್. ಅರಳೆ ಹಿಂಜುವ ಇಟಲಿ ಮಷೀನು ನಮ್ಮಿಬ್ಬರ ಪಾಲಿಗೆ ಬಿದ್ದಿತ್ತು. ಅದರ ಪ್ಯಾನಲ್ ಮೇಲೊಂದು ಹಸಿರು ದೀಪ, ಕೆಳಗೆ ‘ಇನ್ಸೆರೀತೊ’ ಎಂಬ ಬರಹ. ಮಷೀನು ಕೂಡಿಸಲು ಬಂದಿದ್ದ ಇಟಲಿಯವನಿಂದ ಗೋಣೆಪ್ಪಣ್ಣ ಅರ್ಥ ಕಲಿತಿದ್ದ.

“ಹಾಕ್ತಾ ಇರೋದಲ್ಲೋ ಹಿದಾಯತ್, ಹಾಕಿ ಆಗಿರೋದು. ಫ್ಯೂಸ್ ಕೂತಿದ್ರೆ ಇನ್ಸೆರೀತೊ. ಬೀಗದಾಗೆ ಕೀಲಿ ಕೂತಿದ್ರೆ ಇನ್ಸೆರೀತಾ, ಕೀಲಿ ಅವರಲ್ಲಿ ಹೆಣ್ಣಂತೆ! ಈ ದೀಪ ಹತ್ತಿದ್ರೆ ಕರೆಂಟು ಒಳಗೆ ಕೂತೈತೆ ಅಂತ. ಹಸಿರು ಐತೆ ಅಂತ ಕೈ ಇಟ್ಟೀಯ, ಜ್ವಾಕಿ!”

ನಮ್ಮಲ್ಲೊಂದು ಕಟ್ಟಳೆಯಿತ್ತು. ಅವನು ಮುಳ್ಳಿನ ಉರುಳೆಗೆ ಕೈ ಹಾಕುವ ಮುಂಚೆ ನಾನು ಫ್ಯೂಸ್ ಕಿತ್ತು ಜೇಬಿಗಿಳಿಸಬೇಕು. ಅವನು ಕೈ ತೆಗೆಯುವವರೆಗೆ ಪ್ಯಾನಲ್ ಬಿಟ್ಟು ಕದಲಬಾರದು.

ಆ ದಿನ ಅವನು ಉರುಳೆಗೆ ಕೈ ಹಾಕಿದ್ದಾಗಲೇ ನನಗೆ ಬೀಡಿಯ ಚಟ ಎಳೆಯಿತು. ಫ್ಯೂಸ್ ಜೇಬಿನಲ್ಲೇ ಇದೆಯಲ್ಲ, ಯಾರೇನು ಮಾಡಿಯಾರು ಎಂದು ಮಿಲ್ಲಿನ ಹಿಂದಕ್ಕೆ ಹೋಗಿ ನಾಲ್ಕು ದಮ್ಮು ಎಳೆದು ಬಂದೆ. ದೀಪ ಹತ್ತಿತ್ತು! ಜೇಬು ಮುಟ್ಟಿಕೊಂಡೆ, ಫ್ಯೂಸ್ ಅಲ್ಲೇ ಇತ್ತು. ಮಷೀನು ಸುಮ್ಮನೆ ನಿಂತಿದೆಯೆಂದು ಸಿಡುಕಿದ ಸೂಪರ್‌ವೈಸರ್ ಪರಮೇಶ್ವರಪ್ಪ ಸ್ಟೋರಿನಿಂದ ಬೇರೆ ಫ್ಯೂಸ್ ತಂದು ಕೂಡಿಸಿದ್ದರು. ಅವರಿಗೆ ಆಚೆ ಬದಿಯಲ್ಲಿ ಬಗ್ಗಿದ್ದ ಗೋಣೆಪ್ಪಣ್ಣ ಕಾಣುತ್ತಿರಲಿಲ್ಲ. ಅವನ ತೋಳು ಮೊಣಕೈವರೆಗೆ ಉರುಳೆಯೊಳಗೆ. ಪರಮೇಶ್ವರಪ್ಪನವರ ಹೆಬ್ಬೆರಳು ಸ್ಟಾರ್ಟ್ ಗುಂಡಿಯ ಹತ್ತಿರ.

ಕೂಗಿದೆ. ಅಷ್ಟು ಮಷೀನುಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಓಡಿದವನೇ ಅವರನ್ನು ಭುಜದಿಂದ ಗುದ್ದಿ ಕೆಡವಿದೆ. ಸೂಪರ್‌ವೈಸರನ್ನು! ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದು ನಿಂತೆ.

ಗೋಣೆಪ್ಪಣ್ಣ ತೋಳು ಎಳೆದುಕೊಂಡು ಈಚೆ ಬಂದ. ಒಂದು ಗೀರೂ ಇರಲಿಲ್ಲ. ನೆಲದ ಮೇಲಿದ್ದ ಪರಮೇಶ್ವರಪ್ಪನವರನ್ನೂ ನನ್ನನ್ನೂ ನೋಡಿದ.

“ಎಲ್ಲಿದ್ಯೋ?”

“ಇಲ್ಲೇ ಅಣ್ಣ… ಒಂದ್ ನಿಮಿಷ…”

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಗೋಣೆಪ್ಪಣ್ಣನ ತೋಳು ಒಳಗಿದ್ದದ್ದು ತಿಳಿದು ಪರಮೇಶ್ವರಪ್ಪನವರೇ ನನ್ನ ಬೆನ್ನು ತಟ್ಟಿದರು. ಇಡೀ ಮಿಲ್ಲು ಭೇಷ್ ಅಂದಿತು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ.

ಮರುದಿನ ನಾನೂ ಅಲ್ಲೇ ಇರುವಾಗ ಗೋಣೆಪ್ಪಣ್ಣ ಪರಮೇಶ್ವರಪ್ಪನವರ ಮುಂದೆ ನಿಂತಿದ್ದ. “ಸಾಹೇಬ್ರೇ, ನನ್ ಜೊತಿಗೆ ಇನ್ಮ್ಯಾಲೆ ಆ ಇನ್ನೊಬ್ಬ ಎಲೆಕ್ಟ್ರಿಷಿಯನ್ ಬುಡನ್ ಸಾಬ್‌ನ ಹಾಕ್ರಿ.”

“ಯಾಕಪ್ಪ? ನಿನ್ ಕೈ ಉಳಿಸಿದೋನು ಹಿದಾಯತ್ ಅಲ್ವೇನೋ?”

“ಹೌದ್ರಿ,” ಅಂದ ನನ್ನ ಕಡೆ ನೋಡದೆ. “ಬುಡನ್ ಸಾಬ್‌ನ ಹಾಕ್ರಿ.”